ಕಡಲ ಮೀನಿಗೆ ಭಾರದ ಫ್ಲೈ

ತಲೆಯ ಕಡೆ ಭಾರ ಕಟ್ಟಿದ ಹುಸಿ ಮೇವಿಗೆ ಜಿಗ್ ಫ್ಲೈ ಎಂದು ಹೆಸರು. ಒಂದು ಕೊಕ್ಕೆ, ಅದರ ಮುಂತುದಿಯಲ್ಲಿ ಡಂಬೆಲ್ ಆಕಾರದ ಪುಟ್ಟ ಜೋಡಿ ಗುಂಡು, ಹಿಂದಕ್ಕೆ ಚಾಚಿದ ಜಿಂಕೆ ಬಾಲದ ಕೂದಲು, ನಡುವೆ ಕೆಲವು ಎಳೆ ಮಿಂಚುನೂಲು. ಸಾಮಗ್ರಿ ಇಷ್ಟೇ. ನೀರಿಗೆ ಬಿದ್ದಾಗ ಇದು ಸಣ್ಣ ಮೀನಿನ ಹಾಗೆ ಕಾಣುತ್ತದೆ, ಆದರೆ ರೂಪಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಅದರ ನಡೆ. ದಾರ ಎಳೆದಾಗ ಮೂತಿ ಎತ್ತಿ ಮುಂದಕ್ಕೆ ಚಿಮ್ಮುತ್ತದೆ. ಎಳೆತ ನಿಂತ ಕೂಡಲೇ ತಲೆ ಕೆಳಗಾಗಿ ಬೀಳುತ್ತದೆ. ತೆರೆದ ಕಡಲಿನಲ್ಲಿ ಗುಂಪುಗಟ್ಟಿ ಬೇಟೆಯಾಡುವ ಟ್ಯೂನಾ, ಬೊನಿಟೊ, ಡೊರಾಡೊಗಳು ಎಷ್ಟೋ ಸಲ ಬಾಯಿ ಹಾಕುವುದು ಅದು ಹೀಗೆ ಬೀಳುವಾಗ, ಇಲ್ಲವೇ ಬಿದ್ದು ಮತ್ತೆ ಚಿಮ್ಮುವ ಮೊದಲ ಎಳೆತದಲ್ಲಿ. ಬಣ್ಣ, ಗರಿ, ಅಲಂಕಾರಗಳ ಚರ್ಚೆಗೆ ಕೊನೆಯಿಲ್ಲ. ಆದರೆ ಈ ಗಾಳದ ವಿದ್ಯೆ ನಿಂತಿರುವುದು ಬೀಳುವ ವೇಗ ಮತ್ತು ಬೀಳುವ ಆಳದ ಮೇಲೆ.

ಮಾಮೂಲಿ ರೀಲಿನ ಗಾಳದಲ್ಲಿ ತುದಿಯ ಭಾರವೇ ಮುಂದೆ ಹಾರಿ ತೆಳು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಲೆಕ್ಕ ತಿರುಗುಮುರುಗು. ಭಾರವಿರುವುದು ದಪ್ಪನೆಯ ದಾರಕ್ಕೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು, ತೂಕವೇ ಇಲ್ಲದ ಫ್ಲೈಯನ್ನು ಹೊತ್ತೊಯ್ಯುತ್ತದೆ. ಹಾಗಿರುವಾಗ ಫ್ಲೈಗೇ ಲೋಹದ ಗುಂಡು ಕಟ್ಟುವುದು ಸಂಪ್ರದಾಯಸ್ಥರಿಗೆ ಬಹುಕಾಲ ಒಪ್ಪಿಗೆಯಾಗಲಿಲ್ಲ. ಇದು ಫ್ಲೈಯೂ ಅಲ್ಲ, ಲೋಹದ ಭಾರದ ಹುಸಿ ಮೇವಾದ ಜಿಗ್ಗೂ ಅಲ್ಲ ಎಂಬ ತಕರಾರು ಈಗಲೂ ಕೇಳಿಬರುವುದುಂಟು. ಮೀನಿನ ಕಡೆಯಿಂದ ನೋಡಿದರೆ ಈ ತಕರಾರಿಗೆ ಅರ್ಥವಿಲ್ಲ.

ಇಂದು ಲೋಕದ ಎಲ್ಲ ಕಡಲುಗಳಲ್ಲಿ ಬಳಕೆಯಲ್ಲಿರುವ ಮಾದರಿ ಹುಟ್ಟಿದ್ದು ನದಿಯ ದಡದಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಸ್ಕ್ವೆಹಾನಾ ನದಿಯ ಬಳಿ ಅಂಗಡಿ ಇಟ್ಟುಕೊಂಡು ಗಾಳದ ಮಾರ್ಗದರ್ಶಿಯಾಗಿದ್ದ ಬಾಬ್ ಕ್ಲೌಸರ್, ಸ್ಮಾಲ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನಿಗಾಗಿ 1980ರ ದಶಕದಲ್ಲಿ ಇದನ್ನು ಕಟ್ಟಿದರು. ಫ್ಲೈ ಸಾಮಗ್ರಿ ತಯಾರಿಸುವ ವಾಪ್ಸಿ ಕಂಪನಿಯ ಟಾಮ್ ಶ್ಮುಕರ್ ಆಗಷ್ಟೇ ಡಂಬೆಲ್ ಆಕಾರದ ಸೀಸದ ಗುಂಡು ಮಾಡಿದ್ದರು. ಕ್ಲೌಸರ್ ಅದನ್ನು ಕೊಕ್ಕೆಯ ದಂಡದ ಮೇಲೆ ಕೂರಿಸಿ, ಹಿಂದೆ ಮುಂದೆ ಒಂದಿಷ್ಟು ಕೂದಲು ಕಟ್ಟಿ ನೋಡಿದರು. ಮೇರಿಲ್ಯಾಂಡಿನ ಹೆಸರಾಂತ ಗಾಳಗಾರ ಲೆಫ್ಟಿ ಕ್ರೆ ಅದಕ್ಕೆ ಕ್ಲೌಸರ್ ಡೀಪ್ ಮಿನ್ನೋ ಎಂದು ಹೆಸರಿಟ್ಟು, 1989ರಲ್ಲಿ ಫ್ಲೈ ಫಿಶರ್‌ಮನ್ ಪತ್ರಿಕೆಯಲ್ಲಿ ಬರೆದು ಊರೂರಿಗೆ ಪರಿಚಯಿಸಿದರು. ಇದೊಂದರಿಂದಲೇ ಸಿಹಿನೀರು ಉಪ್ಪುನೀರು ಸೇರಿ 80ಕ್ಕೂ ಹೆಚ್ಚು ಜಾತಿಯ ಮೀನು ಹಿಡಿದದ್ದಾಗಿ ಕ್ರೆ ಹೇಳಿಕೊಂಡಿದ್ದರು. ಅಂಚೆಚೀಟಿಯ ಮೇಲೆ ಅಚ್ಚಾದ ಲೆಫ್ಟೀಸ್ ಡಿಸೀವರ್ ಎಂಬ ಮತ್ತೊಂದು ಪ್ರಸಿದ್ಧ ಫ್ಲೈ ಅವರದೇ ಸೃಷ್ಟಿ. ಸ್ವಂತ ಮಾದರಿ ಇದ್ದವರು ಇನ್ನೊಬ್ಬರ ಮಾದರಿಯನ್ನು ಇಷ್ಟು ಮನಸಾರೆ ಹೊಗಳಿದ್ದು ಗಾಳಗಾರರ ಲೋಕದಲ್ಲಿ ಅಪರೂಪ.

ಹೆಸರು ಹೊಸದಾದರೂ ಉಪಾಯ ಹಳೆಯದು. ಪಾಲಿನೇಷ್ಯದ ದ್ವೀಪವಾಸಿಗಳು ಮುತ್ತಿನ ಚಿಪ್ಪನ್ನು ಉದ್ದಕ್ಕೆ ಕೆತ್ತಿ, ಮೂಳೆಯ ಅಥವಾ ಆಮೆ ಚಿಪ್ಪಿನ ಮೊನೆ ಬಿಗಿದು, ಹಿಂಬದಿಗೆ ಗರಿ ಇಲ್ಲವೇ ಹಂದಿಯ ಬಿರುಗೂದಲು ಕಟ್ಟಿ ಸ್ಕಿಪ್‌ಜ್ಯಾಕ್ ಟ್ಯೂನಾ ಹಿಡಿಯುತ್ತಿದ್ದರು. ಹೊಳೆಯುವ ಮೈ, ಬಳುಕುವ ಬಾಲ, ಮೇವಿಲ್ಲದ ಕೊಕ್ಕೆ, ಮೂರೂ ಅದರಲ್ಲಿದ್ದವು. ಜಪಾನಿನ ಕೋಚಿ ಪ್ರಾಂತದ ಬೆಸ್ತರು ಗರಿ ಕಟ್ಟಿದ, ಮರುಮುಳ್ಳಿಲ್ಲದ ಕೊಕ್ಕೆಯಿಂದ ಇದೇ ಮೀನನ್ನು ದೋಣಿಯೊಳಕ್ಕೆ ಎತ್ತಿ ಎಸೆಯುತ್ತಾರೆ. ನಮಗೆ ಹತ್ತಿರದ ಉದಾಹರಣೆ ಮಿನಿಕಾಯ್. ಅಲ್ಲಿಯೂ ಪಕ್ಕದ ಮಾಲ್ಡೀವ್ಸ್‌ನಲ್ಲಿಯೂ ಬೆಸ್ತರು ಜೀವಂತ ಸಣ್ಣ ಮೀನುಗಳನ್ನು ಕಡಲಿಗೆ ಎರಚಿ, ನೀರು ಚಿಮ್ಮಿಸಿ, ಮರುಮುಳ್ಳಿಲ್ಲದ ಹೊಳೆಯುವ ಬರಿ ಕೊಕ್ಕೆಯನ್ನು ಬಿದಿರ ಕೋಲಿನ ತುದಿಯಲ್ಲಿ ಆಡಿಸುವ ಪದ್ಧತಿ ಶತಮಾನಗಳಿಂದ ಇದೆ. ಲಕ್ಷದ್ವೀಪದ ಉಳಿದ ದ್ವೀಪಗಳಿಗೆ ಇದು ಹಬ್ಬಿದ್ದು 1960ರ ದಶಕದ ಈಚೆಗೆ. ಆ ದ್ವೀಪಗಳ ಪೈಕಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈ ಬೆಸ್ತರ ಕಸುಬಿಗೂ ಹವ್ಯಾಸಿಯ ಫ್ಲೈ ಗಾಳಕ್ಕೂ ದೊಡ್ಡ ವ್ಯತ್ಯಾಸ ಒಂದೇ. ಬೆಸ್ತರು ಮೇವು ಎರಚಿ ಮೀನನ್ನು ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಹವ್ಯಾಸಿಗೆ ಆ ಸೌಕರ್ಯ ಯಾವಾಗಲೂ ಇರುವುದಿಲ್ಲ. ಅವನ ಫ್ಲೈಯೇ ಮೀನು ಇರುವಲ್ಲಿಗೆ ಇಳಿಯಬೇಕು.

ಆ ಮೀನುಗಳ ದೇಹರಚನೆ ಗೊತ್ತಿಲ್ಲದೆ ಗಾಳ ಹಾಕಿದರೆ ಸಿಕ್ಕಿದ್ದೆಲ್ಲ ಅದೃಷ್ಟ. ಟ್ಯೂನಾ ಜಾತಿಯವು ಈಜುತ್ತಲೇ ಇರಬೇಕು. ಬಾಯಿ ತೆರೆದು ಮುಂದಕ್ಕೆ ಸಾಗಿದಾಗ ಕಿವಿರಿನ ಮೂಲಕ ಹರಿಯುವ ನೀರಿನಿಂದಲೇ ಅವುಗಳಿಗೆ ಉಸಿರು. ಸ್ಕಿಪ್‌ಜ್ಯಾಕ್‌ಗಂತೂ ತೇಲಿಸುವ ಗಾಳಿಚೀಲವೂ ಇಲ್ಲ, ಈಜು ನಿಂತರೆ ಮುಳುಗುತ್ತದೆ. ಒಳಗಿನ ಸ್ನಾಯುಗಳ ಬಿಸಿ ಕಿವಿರಿನ ದಾರಿಯಲ್ಲಿ ಸೋರಿಹೋಗದಂತೆ, ಬಿಸಿ ರಕ್ತದ ನಾಳಗಳೂ ತಣ್ಣನೆಯ ರಕ್ತದ ನಾಳಗಳೂ ಒತ್ತೊತ್ತಾಗಿ ಹೆಣೆದುಕೊಂಡ ಜಾಲವೊಂದು ಅವುಗಳ ಮೈಯಲ್ಲಿದೆ. ಹಾಗಾಗಿ ಸುತ್ತಲಿನ ನೀರಿಗಿಂತ ಅವುಗಳ ಸ್ನಾಯು ಬೆಚ್ಚಗಿರುತ್ತದೆ, ವೇಗ ಹೆಚ್ಚುತ್ತದೆ, ಹಸಿವೂ ಹೆಚ್ಚುತ್ತದೆ. ಇಷ್ಟು ಉರುವಲು ಬೇಡುವ ಪ್ರಾಣಿ ಒಂಟಿ ಮೀನಿನ ಹಿಂದೆ ಬಹಳ ಹೊತ್ತು ಅಲೆಯುವುದಿಲ್ಲ. ಸಣ್ಣ ಮೀನಿನ ಹಿಂಡನ್ನು ಕೆಳಗಿನಿಂದ ಒತ್ತಿ, ಉಂಡೆ ಮಾಡಿ, ನೀರಿನ ಮೇಲ್ಮೈಗೆ ತಳ್ಳಿ, ಅದರೊಳಗೆ ನುಗ್ಗುತ್ತದೆ. ಪ್ರತಿ ನುಗ್ಗಾಟದಲ್ಲಿ ಕೆಲವು ಮೀನು ಹೊಟ್ಟೆ ಸೇರುತ್ತವೆ, ಇನ್ನು ಕೆಲವು ಪೆಟ್ಟು ತಿಂದು, ತಲೆಕೆಳಗಾಗಿ, ಹಿಂಡಿನಿಂದ ಕಳಚಿ ಕೆಳಕ್ಕೆ ಜಾರುತ್ತವೆ. ಕೆಳಗೆ ಕಾದಿರುವ ಮೀನಿಗೆ ಅದು ಸಲೀಸಾದ ತುತ್ತು. ಜಿಗ್ ಫ್ಲೈ ನಟಿಸುವುದು ಈ ಪೆಟ್ಟು ತಿಂದ ಮೀನನ್ನು.

ಅಮೆರಿಕದ ಲೂಸಿಯಾನದಲ್ಲಿ, ಮಿಸಿಸಿಪ್ಪಿ ನದಿ ಕಡಲು ಸೇರುವ ಕಡೆ, ಇದನ್ನು ಕಣ್ಣಾರೆ ನೋಡಬಹುದು. ರಾತ್ರಿಯೆಲ್ಲ ಬಲೆ ಎಳೆದ ಸೀಗಡಿ ದೋಣಿಗಳು ಬೇಡದ ಸಣ್ಣ ಮೀನುಗಳನ್ನು ಕಡಲಿಗೆ ಚೆಲ್ಲುತ್ತವೆ. ಯೆಲ್ಲೋಫಿನ್, ಬ್ಲ್ಯಾಕ್‌ಫಿನ್ ಟ್ಯೂನಾಗಳು ಅಲ್ಲಿ ಸೇರುತ್ತವೆ. ಚೆಲ್ಲಿದ ಮೀನು ಮುಳುಗುವ ವೇಗದಲ್ಲೇ ಮುಳುಗುವ ಫ್ಲೈಯನ್ನು ಅವು ನುಂಗುತ್ತವೆ. ಅದಕ್ಕಿಂತ ಬೇಗ ಮುಳುಗಿದರೂ, ಮೇಲಕ್ಕೆ ಎಳೆದರೂ ಎಷ್ಟೋ ಸಲ ಹತ್ತಿರ ಬಂದು ತಿರುಗಿಬಿಡುತ್ತವೆ. ಅಲ್ಲಿ ಗಾಳಗಾರ ಮಾಡಬೇಕಾದ್ದು ದಾರವನ್ನು ಸಡಿಲ ಬಿಟ್ಟು, ಅದು ಹಠಾತ್ತನೆ ಓಡುವುದನ್ನು ಕಾಯುವುದು, ಅಷ್ಟೇ.

ಫ್ಲೈ ಕಟ್ಟುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟ್ಯೂನಾ ಹಿಡಿಯುವುದಾದರೆ 1/0 ರಿಂದ 4/0 ಅಳತೆಯ, ತುಕ್ಕು ಹಿಡಿಯದ ಗಟ್ಟಿ ಕೊಕ್ಕೆ ಬೇಕು. ತೆಳು ಕೊಕ್ಕೆ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಕೊಕ್ಕೆಯನ್ನು ಇಕ್ಕುಳದಲ್ಲಿ ಸಿಕ್ಕಿಸಿ, ದಾರ ಕಟ್ಟುವ ಕಣ್ಣಿನಿಂದ ದಂಡದ ಕಾಲುಭಾಗ ಹಿಂದೆ ನೂಲಿನ ಹಾಸು ಹಾಕಬೇಕು. ಜೋಡಿ ಗುಂಡು ಕೂರುವುದು ಈ ಹಾಸಿನ ಮೇಲೆ, ಮೊನೆ ಇರುವ ಬದಿಗೆ ಎದುರು ಬದಿಯಲ್ಲಿ. ಎಂಟರ ಆಕಾರದಲ್ಲಿ ನೂಲು ಸುತ್ತಿ, ಬುಡಕ್ಕೆ ಒಂದು ಹನಿ ಅಂಟು ಬಿಟ್ಟರೆ ಗುಂಡು ಅಲುಗುವುದಿಲ್ಲ. ಭಾರ ದಂಡದ ಒಂದೇ ಬದಿಗಿರುವುದರಿಂದ ನೀರಿನಲ್ಲಿ ಫ್ಲೈ ಮಗುಚಿಕೊಂಡು, ಮೊನೆ ಮೇಲ್ಮುಖವಾಗುತ್ತದೆ. ಮೀನಿನ ಮೇಲ್ದವಡೆಗೆ ಕಚ್ಚಲು ಇದು ಅನುಕೂಲ, ಬಂಡೆಗೂ ಪಾಚಿಗೂ ಸಿಕ್ಕಿಕೊಳ್ಳುವುದೂ ಕಡಿಮೆ. ಆಮೇಲೆ ಬಿಳಿ ಕೂದಲಿನ ಒಂದು ಸಪೂರ ಎಳೆಗುಚ್ಛವನ್ನು ಗುಂಡಿನ ಮುಂದೆಯೂ ಹಿಂದೆಯೂ ಬಿಗಿಯಬೇಕು. ನಂತರ ಕೊಕ್ಕೆಯನ್ನು ತಿರುಗಿಸಿ, ಮಿಂಚುನೂಲಿನ ಕೆಲವೇ ಎಳೆ ಇಟ್ಟು, ಅದರ ಮೇಲೆ ಹಸಿರು, ನೀಲಿ ಅಥವಾ ಬೂದು ಬಣ್ಣದ ಕೂದಲು ಕಟ್ಟಬೇಕು. ಮಗುಚಿದ ಮೇಲೆ ಬಿಳಿ ಹೊಟ್ಟೆಯಾಗುತ್ತದೆ, ಬಣ್ಣ ಬೆನ್ನಾಗುತ್ತದೆ.

ಹೊಸಬರು ಕೆಡಿಸುವುದು ಇಲ್ಲೇ. ಕೂದಲು ದಟ್ಟವಾದಷ್ಟೂ ಫ್ಲೈ ಚೆಂದವೆಂಬ ಭಾವನೆ ಅವರಿಗೆ. ದಟ್ಟ ಕೂದಲು ನೀರನ್ನು ತಡೆಯುತ್ತದೆ, ಫ್ಲೈ ಮುಳುಗದೆ ಜೋಲಾಡುತ್ತದೆ. ಕಟ್ಟಿ ಮುಗಿಸಿದ ಫ್ಲೈಯನ್ನು ಬೆಳಕಿಗೆ ಹಿಡಿದರೆ ಕೂದಲಿನ ಮಧ್ಯದಿಂದ ಆಚೆ ಬದಿ ಕಾಣಬೇಕು. ಒಣಗಿದ್ದಾಗ ಬಡಕಲಾಗಿ ತೋರುವ ಆ ಫ್ಲೈ ಒದ್ದೆಯಾದಾಗ ಸರಿಯಾದ ಮೀನಾಗುತ್ತದೆ.

ಗುಂಡಿನ ಆಯ್ಕೆಯೇ ಆಳದ ಆಯ್ಕೆ. ಅಂಗಡಿಯಲ್ಲಿ ಸಿಗುವ ಜೋಡಿಗಳು ಸುಮಾರು ಅರ್ಧ ಗ್ರಾಂನಿಂದ ಮೂರು ಗ್ರಾಂವರೆಗೆ ತೂಗುತ್ತವೆ. ಮೀನು ಮೇಲ್ಮೈಯಲ್ಲೇ ಕುದಿಯುತ್ತಿದ್ದರೆ ಅರ್ಧ ಗ್ರಾಂ ಸಾಕು. ಐದಾರು ಮೀಟರ್ ಕೆಳಗಿದ್ದರೆ ಒಂದೂವರೆ ಗ್ರಾಂ. ಮೂರು ಗ್ರಾಂನ ಗುಂಡನ್ನು ಗಾಳಿಯಲ್ಲಿ ಬೀಸುವುದು ಕಷ್ಟವಷ್ಟೇ ಅಲ್ಲ, ಅಪಾಯ. ಕಾರ್ಬನ್ ಎಳೆಯ ಕೋಲಿಗೆ ಅದು ತಾಗಿದರೆ ಕಾಣದ ಬಿರುಕು ಬಿಟ್ಟು, ದೊಡ್ಡ ಮೀನು ಸಿಕ್ಕ ದಿನ ಕೋಲು ಮುರಿಯುತ್ತದೆ. ಸೀಸ ನೀರಿಗೂ ಹಕ್ಕಿಗಳಿಗೂ ವಿಷ, ಕಟ್ಟುವವರ ಕೈಗೂ ಒಳ್ಳೆಯದಲ್ಲ. ಹಿತ್ತಾಳೆಯ ಗುಂಡು ಸುಲಭ ಬದಲಿ, ಆದರೆ ಅದು ಹಗುರ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ಹಿತ್ತಾಳೆ ಸುಮಾರು 8.5 ಗ್ರಾಂ. ಟಂಗ್‌ಸ್ಟನ್ 19.3 ಗ್ರಾಂ ತೂಗುತ್ತದೆ. ಅದು ದುಬಾರಿಯಾದರೂ ಸಣ್ಣ ಗಾತ್ರದಲ್ಲಿ ಹೆಚ್ಚು ಭಾರ ಕೊಡುವುದರಿಂದ ಆಳದ ಮೀನಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಫ್ಲೈ ಭಾರವೊಂದರಿಂದಲೇ ಆಳ ಮುಟ್ಟಲಾಗದು, ದಾರವೂ ಮುಳುಗಬೇಕು. ಕಡಲಿಗೆ ಬಳಸುವ ಮುಳುಗುವ ದಾರದ ಮುಂಭಾಗ 26 ಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ, ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಇಳಿಯುತ್ತದೆ. ಆರು ಮೀಟರ್ ಆಳಕ್ಕೆ 40 ಸೆಕೆಂಡ್ ಕಾಯಬೇಕೆಂದು ಆಯಿತು. ಅಷ್ಟರಲ್ಲಿ ದೋಣಿ ಸುಮ್ಮನಿರುವುದಿಲ್ಲ. ಅರ್ಧ ನಾಟ್ ವೇಗದಲ್ಲಿ ತೇಲಿದರೂ 40 ಸೆಕೆಂಡಿನಲ್ಲಿ ಹತ್ತು ಮೀಟರ್ ದಾಟಿರುತ್ತದೆ. ದೋಣಿ ಬಿಟ್ಟು ಬಂದ ಕಡೆಗೆ ಎಸೆದರೆ ದಾರ ಬಿಗಿಯಾಗಿ, ಫ್ಲೈ ಮುಳುಗದೆ ಮೇಲಕ್ಕೇ ಎಳೆದುಕೊಂಡು ಬರುತ್ತದೆ. ದೋಣಿ ಸಾಗುತ್ತಿರುವ ಕಡೆಗೆ ಎಸೆದರೆ ದೋಣಿಯೇ ದಾರದತ್ತ ಹೋಗುವುದರಿಂದ ದಾರ ಸಡಿಲವಿದ್ದು ನೆಟ್ಟಗೆ ಇಳಿಯುತ್ತದೆ. ಇಷ್ಟು ಸರಳವಾದ ಈ ಲೆಕ್ಕ ತಪ್ಪಿದ್ದರಿಂದ, ಕೆಳಗೆ ಮೀನಿದ್ದೂ ಬರಿಗೈಯಲ್ಲಿ ಬಂದ ದೋಣಿಗಳು ಎಷ್ಟೋ. ಗಾಳ ಹಾಕಿದ ಕೂಡಲೇ ಎಣಿಸತೊಡಗಬೇಕು. ಎಷ್ಟನೆಯ ಎಣಿಕೆಯಲ್ಲಿ ಮೊದಲ ಮೀನು ಹಿಡಿಯಿತೋ ಮುಂದಿನ ಸಲವೂ ಅಷ್ಟೇ ಎಣಿಸಬೇಕು.

ಕೋಲು ಒಂಬತ್ತು ಅಡಿ, ಹತ್ತರಿಂದ ಹನ್ನೆರಡನೆಯ ತೂಕದ ವರ್ಗದ್ದು. ರೀಲಿನಲ್ಲಿ ಗಟ್ಟಿ ಬ್ರೇಕು, ಮುಖ್ಯ ದಾರದ ಹಿಂದೆ ಇನ್ನೂರು ಮುನ್ನೂರು ಮೀಟರ್ ಹೆಚ್ಚುವರಿ ದಾರ. ಫ್ಲೈಯನ್ನು ಬಿಗಿಯಾಗಿ ಕಟ್ಟದೆ, ಪುಟ್ಟ ಕುಣಿಕೆ ಉಳಿಯುವ ಗಂಟು ಹಾಕಿದರೆ ಅದರ ತಲೆ ಸಲೀಸಾಗಿ ಕೆಳಕ್ಕೆ ಬಾಗುತ್ತದೆ.

ಈ ಗಾಳದ ನಿಜವಾದ ಹಬ್ಬ ನೋಡಬೇಕಾದರೆ ಉತ್ತರ ಕೆರೊಲೈನಾದ ಕೇಪ್ ಲುಕೌಟ್ ಬಳಿಗೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೋಗಬೇಕು. ಹಾರ್ಕರ್ಸ್ ದ್ವೀಪದಿಂದ ಸಣ್ಣ ದೋಣಿಗಳು ಹೊರಡುತ್ತವೆ. ಆ ಹೊತ್ತಿಗೆ ಬೆರಳುದ್ದದ ಆಂಚೊವಿ ಮೀನಿನ ಹಿಂಡುಗಳು ಅಳಿವೆಗಳಿಂದ ಹೊರಬಿದ್ದಿರುತ್ತವೆ. ಅವುಗಳ ಬೆನ್ನಿಗೆ ಬೀಳುವುದು ಲಿಟಲ್ ಟನಿ, ಅಲ್ಲಿಯವರ ಬಾಯಲ್ಲಿ ಫಾಲ್ಸ್ ಆಲ್ಬಕೋರ್. ನೀಲಿ ಬೆನ್ನಿನ ಮೇಲೆ ಅಂಕುಡೊಂಕು ಗೆರೆಗಳು, ಎದೆಯ ರೆಕ್ಕೆಯ ಕೆಳಗೆ ಶಾಯಿ ಹನಿದಂತೆ ಕಪ್ಪು ಚುಕ್ಕೆಗಳು. ಕಡಲಹಕ್ಕಿಗಳು ಒಂದೆಡೆ ಮುಗಿಬಿದ್ದರೆ ಕೆಳಗೆ ಮೀನಿದೆ ಎಂದು ಅರ್ಥ. ದೋಣಿಯನ್ನು ನೇರವಾಗಿ ಹಿಂಡಿನೊಳಕ್ಕೆ ಓಡಿಸುವುದು ದೊಡ್ಡ ತಪ್ಪು. ಹಿಂಡು ಕ್ಷಣದಲ್ಲಿ ಮುಳುಗಿ ದೂರ ಏಳುತ್ತದೆ, ಉಳಿದ ದೋಣಿಯವರಿಗೂ ಕೆಡುತ್ತದೆ. ಗಾಳಿ ಬರುವ ಕಡೆಯಿಂದ ಹೋಗಿ, ಎಂಜಿನ್ ವೇಗ ಇಳಿಸಿ, ತೇಲುತ್ತಾ ಹತ್ತಿರವಾಗಬೇಕು.

ಆ ಹೊತ್ತಿನಲ್ಲಿ ಮೀನಿಗೆ ಆಂಚೊವಿ ಬಿಟ್ಟು ಬೇರೆ ಕಾಣುವುದಿಲ್ಲ. ಆರು ಸೆಂಟಿಮೀಟರಿನ ಫ್ಲೈ ನುಂಗುವ ಮೀನು ಹನ್ನೆರಡು ಸೆಂಟಿಮೀಟರಿನದನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಬಣ್ಣಕ್ಕಿಂತ ಮೊದಲು ಅಳತೆ ಸರಿಹೊಂದಿಸಬೇಕು. ಹಿಂಡಿನ ನಡುವೆ ಎಸೆಯದೆ ಅಂಚಿಗೆ ಎಸೆಯಬೇಕು. ಅಲ್ಲಿ ಒಂಟಿಯಾಗಿ ಜಾರುವ ಫ್ಲೈ ಎದ್ದು ಕಾಣುತ್ತದೆ. ಮೂರು ನಾಲ್ಕು ಎಣಿಕೆ ಬೀಳಲು ಬಿಟ್ಟು, ಕೋಲನ್ನು ಕಂಕುಳಲ್ಲಿ ಅಮುಕಿ, ಎರಡೂ ಕೈಯಿಂದ ಒಂದರ ಮೇಲೊಂದರಂತೆ ದಾರ ಎಳೆಯಬೇಕು. ಎಷ್ಟೇ ಬೇಗ ಎಳೆದರೂ ಟ್ಯೂನಾದ ವೇಗಕ್ಕೆ ಮನುಷ್ಯನ ಕೈ ಸಾಟಿಯಲ್ಲ, ಬೇಗವಾಯಿತೆಂಬ ಭಯ ಬೇಡ. ಹಿಂದೆ ಬಂದೂ ಕಚ್ಚದ ಮೀನಿಗೆ ಇನ್ನೂ ಬೇಗ ಎಳೆಯುವುದರ ಬದಲು ಒಮ್ಮೆ ನಿಲ್ಲಿಸಿ ನೋಡಬೇಕು. ಫ್ಲೈ ತಲೆ ಬಾಗಿಸಿ ಬೀಳುತ್ತದೆ, ಮೀನು ತಡೆದುಕೊಳ್ಳಲಾರದು.

ಕಚ್ಚಿತೆಂದು ಗೊತ್ತಾದಾಗ ಕೋಲೆತ್ತಬಾರದು. ಹೊಳೆಯ ಟ್ರೌಟ್ ಹಿಡಿದು ಅಭ್ಯಾಸವಾದವರು ಇಲ್ಲಿ ಸೋಲುತ್ತಾರೆ. ಕೋಲು ಬಾಗಿ ಬಲವೆಲ್ಲ ತಾನೇ ನುಂಗುತ್ತದೆ, ಮೊನೆ ದವಡೆಗೆ ಇಳಿಯುವುದಿಲ್ಲ. ಕೋಲು ನೀರಿನತ್ತ ನೆಟ್ಟಗಿರುವಾಗಲೇ ಎಡಗೈಯಿಂದ ದಾರವನ್ನು ಗಟ್ಟಿಯಾಗಿ ಜಗ್ಗಬೇಕು. ಮರುಕ್ಷಣವೇ ಕಾಲಬುಡದಲ್ಲಿ ಬಿದ್ದಿರುವ ದಾರ ಮೇಲೇಳುತ್ತದೆ. ಅದು ಬೆರಳಿಗೋ ಅಂಗಿಯ ಗುಂಡಿಗೋ ಸುತ್ತಿಕೊಳ್ಳದಂತೆ ನೋಡಿಕೊಂಡರೆ ಮುಂದಿನದು ರೀಲಿನ ಕೆಲಸ. ಸೋತ ಟ್ಯೂನಾ ದೋಣಿಯ ಕೆಳಗೆ ಸುತ್ತು ಹೊಡೆಯುತ್ತದೆ. ಆಗ ಕೋಲನ್ನು ಆಕಾಶಕ್ಕೆ ಎತ್ತಿದರೆ ಮುರಿಯುತ್ತದೆ. ಕೋಲಿನ ತುದಿ ತಗ್ಗಿಸಿ, ಬುಡದ ಬಲದಿಂದ ಗೇಣು ಗೇಣಾಗಿ ಎತ್ತಬೇಕು.

ಡೊರಾಡೊದ ರೀತಿ ಬೇರೆ. ಮೆಕ್ಸಿಕೊದ ಲೊರೆಟೊ ಕಡಲಿನಲ್ಲಿ ತೇಲುವ ಸರ್ಗಾಸಮ್ ಪಾಚಿಯ ನೆರಳಿನಲ್ಲಿ ಅದು ಹೊಂಚುತ್ತದೆ. ಒಂದು ಸಿಕ್ಕರೆ ಅದನ್ನು ನೀರಿನಲ್ಲೇ ಇರಿಸಿಕೊಳ್ಳುವುದು ಅಲ್ಲಿನ ರೂಢಿ, ಉಳಿದವು ಅದರ ಸುತ್ತಲೇ ಸುಳಿಯುತ್ತವೆ.

ದಾಖಲೆಗೆ ಮೀನು ಹಿಡಿಯುವವರಿಗೆ 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಅಸೋಸಿಯೇಷನ್ನಿನ ನಿಯಮ ಅನ್ವಯ. ಫ್ಲೈ ದಾರದ ತುದಿಯ ಎಳೆ ಹತ್ತು ಕಿಲೋ ವರ್ಗವನ್ನು ಮೀರಬಾರದು, ಹಲ್ಲಿನಿಂದ ರಕ್ಷಿಸುವ ದಪ್ಪ ತುಂಡು 12 ಅಂಗುಲಕ್ಕಿಂತ ಉದ್ದವಿರಬಾರದು.

ಕೇಪ್ ಲುಕೌಟಿನ ಲಿಟಲ್ ಟನಿಯ ಅಣ್ಣತಮ್ಮಂದಿರು ಅರಬ್ಬಿ ಕಡಲಿನಲ್ಲೂ ಇದ್ದಾರೆ. ನಮ್ಮ ಕರಾವಳಿಯ ಮೀನು ಮಾರುಕಟ್ಟೆಗೆ ಕೇದರ ಎಂದು ಬರುವ ಸಣ್ಣ ಟ್ಯೂನಾ ಅದೇ ಕುಲದ್ದು, ಬೆನ್ನಿನ ಗೆರೆ, ಎದೆಯ ಚುಕ್ಕೆ ಎರಡೂ ಹಾಗೆಯೇ. ಬೂತಾಯಿ, ಬಂಗುಡೆ ಮರಿಗಳ ಬೆನ್ನಟ್ಟುವ ಅಂಜಲ್ ಕೂಡ ಈ ಗಾಳಕ್ಕೆ ತಕ್ಕ ಮೀನು. ಮಳೆಗಾಲದ ಕೆಸರು ತಳ ಸೇರಿ ನೀರು ತಿಳಿಯಾದ ಮೇಲೆ ಇಲ್ಲಿ ಪ್ರಯತ್ನ ಮಾಡಬಹುದು. ಅಂಜಲ್‌ನ ಹಲ್ಲು ಬ್ಲೇಡಿನಷ್ಟು ಚೂಪು. ಫ್ಲೈಗೂ ದಾರಕ್ಕೂ ನಡುವೆ ಗೇಣುದ್ದದ ತೆಳು ಉಕ್ಕಿನ ತಂತಿ ಇಲ್ಲದಿದ್ದರೆ ಫ್ಲೈ ಹೋಯಿತೆಂದೇ ಲೆಕ್ಕ.

ತಿನ್ನಲು ಬೇಡವಾದ ಮೀನನ್ನು ಬಿಡುವುದಕ್ಕೂ ಕ್ರಮವಿದೆ. ಈಜಿದರೆ ಮಾತ್ರ ಉಸಿರಾಡುವ ಟ್ಯೂನಾವನ್ನು ನೀರಿನಲ್ಲಿ ಹಿಡಿದು ಸಮಾಧಾನಪಡಿಸುತ್ತಾ ಕೂತರೆ ಅದು ಸಾಯುತ್ತದೆ. ಬಾಲದ ಬುಡ ಹಿಡಿದು, ತಲೆ ಕೆಳಗೆ ಮಾಡಿ, ಬಲವಾಗಿ ಕಡಲಿಗೆ ಎಸೆಯಬೇಕು. ಆ ವೇಗಕ್ಕೆ ಕಿವಿರಿನೊಳಗೆ ನೀರು ನುಗ್ಗಿ ಅದು ಚೇತರಿಸಿಕೊಳ್ಳುತ್ತದೆ. ಕೊಕ್ಕೆಯ ಮರುಮುಳ್ಳನ್ನು ಮೊದಲೇ ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಇದಕ್ಕೆಲ್ಲ ಕೆಲವು ಸೆಕೆಂಡು ಸಾಕು. ಭಾರದ ಫ್ಲೈ ಗಾಳಿಗೆ ದಿಕ್ಕು ತಪ್ಪಿ ಬೀಸುವವರ ಕಿವಿಗೋ ಕುತ್ತಿಗೆಗೋ ಚುಚ್ಚುವುದೂ ಉಂಟು. ಚಪ್ಪಟೆ ಮಾಡಿದ ಕೊಕ್ಕೆ ಅಲ್ಲಿಂದಲೂ ಸಲೀಸಾಗಿ ಹೊರಬರುತ್ತದೆ. ಕಣ್ಣಿಗೆ ಮಾತ್ರ ಆ ಉಪಾಯವಿಲ್ಲ. ಈ ಗಾಳ ಬೀಸುವವರು, ಅವರ ದೋಣಿಯಲ್ಲಿ ಕೂತವರು, ಎಲ್ಲರೂ ಕನ್ನಡಕ ಹಾಕಿಯೇ ಕಡಲಿಗೆ ಇಳಿಯಬೇಕು.